ಉಗ್ಗುವವನು ಅಧ್ಯಕ್ಷನಾಗಬಹುದೇ?

ಪ್ರಶ್ನೆ: ನನಗೆ 34 ವರ್ಷ. ಕಾರ್ಕಳದ ಕಡೆಯವನು. ಇಸ್ರೇಲಿನಲ್ಲಿ ಯೆಹೂದಿ ಅಜ್ಜನೊಬ್ಬರ ಆರೈಕೆಗಿದ್ದೇನೆ. ಚಿಕ್ಕಂದಿನಿಂದಲೂ ಉಗ್ಗು. ಇಲ್ಲಿರುವ ನಮ್ಮೂರ ಕಡೆಯವರಿಗೆ ವೀಸಾ, ಸಂಬಳ ಅಂತ ಏನೇ ತೊಂದರೆಯಾದರೂ ನಾನೇ ಓಡಾಡುತ್ತೇನೆ. ಈಗ ಸಂಘದ ಅಧ್ಯಕ್ಷನಾಗು ಎಂದು ಬೆನ್ನು ಹತ್ತಿದ್ದಾರೆ. ಮೈಕ್ ನೆನೆದರೇ ಗಂಟಲು ಕಟ್ಟುತ್ತದೆ. ಅಜ್ಜ ‘ನಮ್ಮ ಮೋಶೆಯೂ ಉಗ್ಗುತ್ತಿದ್ದ, ಒಪ್ಪಿಕೋ’ ಅನ್ನುತ್ತಾರೆ. ಬರೀ ಸಮಾಧಾನಕ್ಕೆ ಹೇಳುತ್ತಿದ್ದಾರಾ?

ಉತ್ತರ: ಸಮಾಧಾನಕ್ಕಲ್ಲ. ಮೋಶೆ ಅಂದರೆ ಯೆಹೂದಿಗಳ ಪೂರ್ವಜರನ್ನು ಐಗುಪ್ತದ (ಈಜಿಪ್ಟಿನ) ದಾಸ್ಯದಿಂದ ಬಿಡಿಸಿದ ಮುಂದಾಳು. ಉರಿಯುವ ಪೊದೆಯೊಳಗಿಂದ ದೇವರು ಆ ಕೆಲಸಕ್ಕೆ ಕರೆದಾಗ ಒಲ್ಲೆನೆನ್ನಲು ಅವನು ಕೊಟ್ಟ ಕಾರಣಗಳಲ್ಲಿ ಅದೂ ಒಂದು: ನನ್ನ ಬಾಯಿ ಭಾರ, ನಾಲಿಗೆ ಭಾರ. ಯೆಹೂದಿ ಧರ್ಮಗ್ರಂಥಕ್ಕೆ ಟೀಕೆ ಬರೆದ 11ನೇ ಶತಮಾನದ ‘ರಾಶಿ’ ಎಂಬ ಪಂಡಿತ ಇದನ್ನು ಬಿಡಿಸಿ ಹೇಳಲು, ಉಗ್ಗುವವರಿಗೆ ತನ್ನ ಕಾಲದ ಫ್ರೆಂಚಿನಲ್ಲಿದ್ದ ಪದವನ್ನೇ ಬರೆದಿಟ್ಟ. ಅವನ ಮೊಮ್ಮಗ ರಶ್ಬಾಮ್ ಮಾತ್ರ ಒಪ್ಪಲಿಲ್ಲ; ಎಳೆಯ ಪ್ರಾಯದಲ್ಲೇ ಐಗುಪ್ತ ಬಿಟ್ಟ ಮೋಶೆಗೆ ಅಲ್ಲಿನ ಭಾಷೆ ಸಲೀಸಾಗಿರಲಿಲ್ಲ, ಅಷ್ಟೇ ಎಂದ. ಹೀಬ್ರೂ ಮಾತಾಡುವ ಆಫೀಸುಗಳಿಗೆ ಅಲೆದ ನಿಮಗೆ ಆ ಕಷ್ಟವೂ ಗೊತ್ತಿದ್ದದ್ದೇ.

ಈ ಕಥೆಯಿರುವ ಬೈಬಲಿನ ವಿಮೋಚನಕಾಂಡದ 4ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ನಾಲಿಗೆ ಭಾರ ಎಂದಾಗ ದೇವರು ಸಿಟ್ಟಾಗುವುದಿಲ್ಲ. ಬಾಯಿ ಕೊಟ್ಟವರು ಯಾರು, ನಿನ್ನ ಬಾಯಿಗೆ ನಾನಿರುತ್ತೇನೆ ಎನ್ನುತ್ತಾನೆ. ಬೇರೆ ಯಾರನ್ನಾದರೂ ಕಳಿಸು ಎಂದಾಗಲೇ ಕೋಪ ಬರುವುದು. ಆಗಲೂ ಉಗ್ಗು ವಾಸಿಯಾಯಿತು ಎಂಬ ಮಾತು ಅಲ್ಲಿಲ್ಲ. ಹೊಣೆಯೂ ಮೋಶೆಯ ಹೆಗಲಿನಿಂದ ಇಳಿಯಲಿಲ್ಲ. ಮಾತುಬಲ್ಲ ಅಣ್ಣ ಆರೋನ ಜೊತೆಗೆ ಸಿಕ್ಕಿದ.

ಆ ಅಣ್ಣನ ಕಥೆ ನನ್ನನ್ನು ಬಹಳ ಕಾಡಿದೆ. ಮೋಶೆ ಬೆಟ್ಟದ ಮೇಲಿದ್ದಾಗ ಜನ ಆರೋನನನ್ನು ಮುತ್ತಿಕೊಂಡು, ನಮಗೊಂದು ದೇವರನ್ನು ಮಾಡಿಕೊಡು ಎಂದರು. ಅವನ ಪರ ವಾದಿಸುವ ರಬ್ಬಿಗಳೂ (ಯೆಹೂದಿ ಧರ್ಮಗುರುಗಳೂ) ಇದ್ದಾರೆ. ಆದರೂ ಅಷ್ಟು ಚೆನ್ನಾಗಿ ಮಾತಾಡಬಲ್ಲವನ ಬಾಯಿಂದ ‘ಆಗದು’ ಎಂಬ ಒಂದು ಮಾತು ಹೊರಡಲಿಲ್ಲ. ವಿಗ್ರಹ ಕೂಡದೆಂಬ ದೇವರ ಆಜ್ಞೆ ಮೀರಿ ಬಂಗಾರದ ಕರು ಎದ್ದು ನಿಂತಿತು. 14ನೇ ಶತಮಾನದಲ್ಲಿ ಸ್ಪೇನಿನ ರಬ್ಬಿ ನಿಸಿಮ್ ಇನ್ನೊಂದು ಹೇಳಿದ: ಮೋಶೆಯ ನಾಲಿಗೆ ಭಾರವಾಗಿದ್ದದ್ದೇ ಸರಿ, ಜನ ಮಾತಿನ ಮೋಡಿಗೆ ಮರುಳಾಗಿ ಅವನ ಹಿಂದೆ ಹೋದರು ಎಂದು ಯಾರೂ ಅನ್ನುವಂತಿಲ್ಲ. ನಿಮ್ಮವರೂ ನಿಮ್ಮ ಭಾಷಣ ಕೇಳಿ ಬೆನ್ನು ಹತ್ತಿದ್ದಲ್ಲವಲ್ಲ?

ಒಪ್ಪಿಕೊಳ್ಳಿ. ಹಗಲೂ ರಾತ್ರಿಯ ಆರೈಕೆಯ ನಡುವೆ ಬಿಡುವಿಲ್ಲ ಎಂದಾದರೆ ಬೇಡವೆನ್ನಿ, ಅದು ನ್ಯಾಯವಾದ ಕಾರಣ. ನಾಲಿಗೆಯ ಹೆಸರಿನಲ್ಲಿ ಮಾತ್ರ ಬೇಡ.

ಮೊದಲ ಸಭೆಯಲ್ಲೇ ‘ನನಗೆ ಉಗ್ಗು ಇದೆ, ಸ್ವಲ್ಪ ತಾಳಿ’ ಎಂದು ನೀವೇ ಹೇಳಿಬಿಡಿ. ಬಚ್ಚಿಡುವ ಶ್ರಮ ತಪ್ಪಿದರೆ ಎಷ್ಟೋ ಹಗುರ. ನಿರೂಪಣೆ, ವಂದನಾರ್ಪಣೆಗೆಲ್ಲ ಮಾತು ಬಲ್ಲ ಗೆಳೆಯನನ್ನು ಕೂಡಿಸಿಕೊಳ್ಳಿ. ಆದರೆ ಯಾರದಾದರೂ ಸಂಬಳ ಬಾಕಿಯ ಪ್ರಶ್ನೆ ಬಂದಾಗ ಎದ್ದು ನಿಲ್ಲಬೇಕಾದವರು ನೀವೇ, ಎಷ್ಟು ಹೊತ್ತು ಹಿಡಿದರೂ. ಯಾರಾದರೂ ಅಣಕಿಸಿದರೆ ಆ ತಪ್ಪು ಅವರದು. ನಾಲ್ವರೆದುರು ಒಬ್ಬನ ಮುಖ ಬಿಳಿಚುವಂತೆ ಮಾಡುವುದು ರಕ್ತ ಹರಿಸಿದಂತೆ ಎನ್ನುತ್ತದೆ ಯೆಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್.

ಬೈಬಲಿನ ಇನ್ನೊಂದು ಗ್ರಂಥವಾದ ಧರ್ಮೋಪದೇಶಕಾಂಡದ ಹೀಬ್ರೂ ಹೆಸರು ‘ದೆವಾರಿಮ್’, ಅಂದರೆ ಮಾತುಗಳು. ಪೊದೆಯ ಮುಂದೆ ಮೋಶೆ ‘ನಾನು ಮಾತುಗಳ ಮನುಷ್ಯನಲ್ಲ’ ಎಂದದ್ದೂ ಇದೇ ಪದ ಬಳಸಿ. ಆ ಗ್ರಂಥದ ಬಹುಪಾಲು ಅವನದೇ ಮಾತು, ಜನರೆದುರು ನಿಂತು ಆಡಿದ್ದು.

ನಿಮ್ಮ ಮೊದಲ ಭಾಷಣವನ್ನು ಅಜ್ಜನೆದುರು ಆಡಿ ನೋಡಿ. ಕನ್ನಡ ಬಾರದಿದ್ದರೂ ಪರವಾಗಿಲ್ಲ, ನೀವು ತಡವರಿಸಿದಲ್ಲಿ ಕಾಯುವುದು ಅವರಿಗೆ ಅಭ್ಯಾಸವಾಗಿದೆ.