ನಿಮ್ಮ ತಂದೆಯವರ ನೋಟ್‌ಬುಕ್

ತಿಪಟೂರು ಕಡೆಯ ಓದುಗರೊಬ್ಬರ ಪತ್ರ: ‘ಪತ್ರಿಕೆಗಳು ಇನ್ನೂ ಜಲಾಶಯದ ಮಟ್ಟ, ಮಾರುಕಟ್ಟೆ ಧಾರಣೆ ಅಂತ ಜಾಗ ಹಾಳು ಮಾಡುತ್ತಿವೆ. ಯಾವ ಸುದ್ದಿ ಎಷ್ಟು ಜನ ಓದಿದರೆಂದು ಕಂಪ್ಯೂಟರೇ ಹೇಳುವಾಗ, ಓದದ್ದನ್ನು ಕೈಬಿಡಬಾರದೇಕೆ? ನಮ್ಮ ತಂದೆ ಕೊಬ್ಬರಿ ಧಾರಣೆಯನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದರು. ನನಗೆ ಫೋನ್ ಸಾಕು.’

ಫೋನಿನ ವೇಗ ಒಪ್ಪಿದೆ. ಹರಾಜಿನ ದರ ಅಂದೇ ಅಂಗೈಗೆ ಬರುವಾಗ ನಾಳೆಯ ಪತ್ರಿಕೆಗೆ ಕಾಯಿರಿ ಎನ್ನಲಾರೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನೋಟ್‌ಬುಕ್. ಈಗ ನಾವೆಲ್ಲ ಡೇಟಾ, ಡೇಟಾ ಎನ್ನುತ್ತೇವಲ್ಲ, ಅದನ್ನು ನಿಮ್ಮ ತಂದೆ ಕತ್ತರಿ, ಅಂಟು ಹಿಡಿದು ಮಾಡಿಟ್ಟಿದ್ದಾರೆ.

ನಾನು ದಿನಪತ್ರಿಕೆಯ ಡೆಸ್ಕಿಗೆ ಸೇರಿದಾಗ ಸಂಜೆ ಅಣೆಕಟ್ಟೆಗಳಿಗೆ ಫೋನ್ ಹಚ್ಚುವುದು ಹೊಸಬರ ಕೆಲಸ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಅದರ ಕೆಳಗೆ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಒಮ್ಮೆ ಒಳಹರಿವು, ಹೊರಹರಿವು ಅದಲು ಬದಲಾಗಿ ಅಚ್ಚಾಯಿತು. ಬೆಳಗಾಗುತ್ತಲೇ ಮಂಡ್ಯ ಕಡೆಯ ರೈತರ ಫೋನು: ‘ನಾಲೆಗೆ ಬಿಟ್ರಾ ಸ್ವಾಮಿ?’ ಆ ಮೂಲೆಯ ಪುಟ್ಟ ಕಾಲಂ ನೋಡಿಕೊಂಡು ಭತ್ತದ ಒಟ್ಲು ಹಾಕುವವರಿದ್ದರು.

ಮುಂದೆ ನಾನು ಕೆಲಸ ಮಾಡಿದ ಇನ್ನೊಂದು ಕಚೇರಿಯಲ್ಲಿ ಗೋಡೆಗೆ ದೊಡ್ಡ ಪರದೆ ಬಂತು. ಯಾವ ಸುದ್ದಿಗೆ ಎಷ್ಟು ಓದು ಎಂದು ಗಳಿಗೆಗೊಮ್ಮೆ ತೋರಿಸುವುದು. ನಟರೊಬ್ಬರ ಮದುವೆ ಮೇಲೆ, ಕೆರೆ ಒತ್ತುವರಿಯ ವರದಿ ತಳದಲ್ಲಿ. ಅದನ್ನು ಬರೆದಿದ್ದ ತಾಲ್ಲೂಕು ವರದಿಗಾರ ರಾತ್ರಿ ಕೇಳಿದ: ‘ಸರ್, ನಮ್ಮೂರಿಂದಕ್ಕೆ ಎಷ್ಟು ಬಂತು?’ ಸುದ್ದಿಯೊಂದಕ್ಕೆ ಇಷ್ಟು ಎಂದು ಪುಡಿಗಾಸು ಎಣಿಸಿಕೊಳ್ಳುತ್ತಿದ್ದ ಹುಡುಗ. ಸರ್ವೆ ನಂಬರು ಹುಡುಕಿಕೊಂಡು ಮೂರು ದಿನ ತಾಲ್ಲೂಕು ಕಚೇರಿಗೆ ಅಲೆದಿದ್ದ. ಆಮೇಲೆ ಅವನಿಂದ ಕೆರೆಯ ಸುದ್ದಿ ಬರಲಿಲ್ಲ. ವಾಟ್ಸ್‌ಆ್ಯಪಿನಲ್ಲಿ ಓಡಾಡುವ ವಿಡಿಯೊಗಳು ಬಂದವು. ಈ ಸಂಕಟ ನನಗೆ ಇಂದಿಗೂ ಆರಿಲ್ಲ.

ಆ ಎಣಿಕೆಯಾದರೂ ವೇದವಾಕ್ಯವೇ? ವಿಡಿಯೊ ನೋಡುವ ಸರಾಸರಿ ಸಮಯವನ್ನು ಎರಡು ವರ್ಷ ಹೆಚ್ಚಾಗಿ ತೋರಿಸಿದ್ದೇವೆಂದು ಫೇಸ್‌ಬುಕ್ಕೇ 2016ರಲ್ಲಿ ಒಪ್ಪಿಕೊಂಡಿತು. 2018ರ ಜನವರಿಯಲ್ಲಿ ಸ್ನೇಹಿತರ, ಮನೆಯವರ ಪೋಸ್ಟುಗಳಿಗೇ ಆದ್ಯತೆ ಎಂದಿತು. ಅದರ ಜಗಲಿಯನ್ನೇ ನೆಚ್ಚಿದ್ದ ಪತ್ರಿಕೆಗಳು ಬೀದಿಗೆ ಬಿದ್ದವು.

ಹಾಗೆಂದು ಡಿಜಿಟಲ್ ಬೇಡವೆಂದಲ್ಲ. 2009ರಲ್ಲಿ ಬ್ರಿಟನ್ನಿನ ಸಂಸದರ ಖರ್ಚಿನ ಕಾಗದಪತ್ರ ಹೊರಬಿದ್ದಾಗ ಅಲ್ಲಿನ ‘ಗಾರ್ಡಿಯನ್’ ಪತ್ರಿಕೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಪುಟಗಳನ್ನು ಅಂತರ್ಜಾಲಕ್ಕೇರಿಸಿ ಓದುಗರನ್ನೇ ಕರೆಯಿತು. ಮೊದಲ 80 ಗಂಟೆಯಲ್ಲಿ 1.7 ಲಕ್ಷ ಪುಟಗಳನ್ನು ಜನ ಜಾಲಾಡಿದರು. ಓದುಗರು ಎಷ್ಟು ಹೊತ್ತು ಕಣ್ಣಿಟ್ಟರೆಂದು ಅಳೆಯುವುದು ಒಂದು, ಅವರ ಕಣ್ಣನ್ನೇ ಕೆಲಸಕ್ಕೆ ಕರೆಯುವುದು ಇನ್ನೊಂದು.

ನಮ್ಮಲ್ಲೋ, ಇಲಾಖೆಗಳು ಅಂಕಿಅಂಶವನ್ನು ಓರೆಯಾಗಿ ಸ್ಕ್ಯಾನ್ ಮಾಡಿ ಹಾಕಿ ಕೈತೊಳೆದುಕೊಳ್ಳುತ್ತವೆ. ಪತ್ರಿಕೆಗಳದ್ದೂ ಅದೇ ಪಾಡು. ಯಾವ ಕಂಪ್ಯೂಟರಿನಲ್ಲೂ ಅಕ್ಷರ ಅಕ್ಷರವಾಗಿಯೇ ಉಳಿಯಲೆಂದು ಮಾಡಿದ ಸಂಕೇತ ಪದ್ಧತಿ ಯುನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದ್ದರೂ ಪುಟ ಕಟ್ಟಿದ್ದು ಬಹುಕಾಲ ಹಳೆಯ ಫಾಂಟುಗಳಲ್ಲಿ. ಆ ಕಡತ ಈಗ ತೆರೆದರೆ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕಿಗಳ ಕಲಸುಮೇಲೋಗರ. ‘ಕೊಬ್ಬರಿ’ ಎಂದು ಹುಡುಕಿದರೆ ಒಂದೂ ಸಿಗದು. ವರ್ಷಗಟ್ಟಲೆ ಅಚ್ಚಾದ ಧಾರಣೆ ಇದ್ದೂ ಇಲ್ಲದಂತೆ. ಪರದೆಗೆ ಸುರಿದ ದುಡ್ಡಿನಲ್ಲಿ ಒಂದು ಪಾಲು ಇದಕ್ಕೆ ಬಿದ್ದಿದ್ದರೆ!

ಆದ್ದರಿಂದ ಕೈಮುಗಿದು ಕೇಳುತ್ತೇನೆ, ಆ ನೋಟ್‌ಬುಕ್ ರದ್ದಿಗೆ ಹಾಕಬೇಡಿ. ಸಾಕು ಎಂದಿರಲ್ಲ, ಅದೇ ಫೋನಿನಲ್ಲಿ ಪುಟಪುಟದ ಫೋಟೊ ತೆಗೆದು ಕಳಿಸಿ. ಟೈಪು ಮಾಡಿಸುವ ಹೊಣೆ ನಮ್ಮದು. ಮೊದಲ ಪುಟದಲ್ಲಿ ಕ್ವಿಂಟಲ್ ಕೊಬ್ಬರಿಗೆ ಎಷ್ಟಿದೆ?