ಕಬ್ಬಿನೊಳಗೆ ಬ್ಯಾಕ್ಟೀರಿಯಾ ಇದೆ ಎಂದು ಹೇಗೆ ಗೊತ್ತು?

ಪ್ರಶ್ನೆ: ಅಥಣಿ ಹತ್ತಿರ ನನ್ನ ಅಣ್ಣ ಕಬ್ಬು ಬೆಳೆಯುತ್ತಾನೆ. ಗೊಬ್ಬರದಂಗಡಿಯವರು ಅವನಿಗೆ ಅಸಿಟೋಬ್ಯಾಕ್ಟರ್ ಬಾಟಲಿ ಕೊಟ್ಟು, ಇದು ಕಬ್ಬಿನ ಒಳಗೇ ಬದುಕಿ ಯೂರಿಯಾ ಉಳಿಸುತ್ತದೆ ಎಂದರಂತೆ. ಬ್ಯಾಕ್ಟೀರಿಯಾ ಒಳಹೊಕ್ಕರೆ ಬೆಳೆ ಕೊಳೆಯುವುದಿಲ್ಲವೇ ಸರ್? ಅದು ಒಳಗಿನದು, ಮೇಲಿನ ಮಣ್ಣಿನದಲ್ಲ ಎಂದು ಹೇಳುವುದಾದರೂ ಹೇಗೆ?
– ಓದುಗರು, ಡೊಂಬಿವಲಿ

ಉತ್ತರ: ಕೊಳೆಯುವುದಿಲ್ಲ. ಆರೋಗ್ಯವಾಗಿರುವ ಗಿಡದ ಬೇರು, ಕಾಂಡ, ಎಲೆ, ಬೀಜ ಎಲ್ಲದರೊಳಗೂ ಬ್ಯಾಕ್ಟೀರಿಯಾ ಇರುತ್ತವೆ; ಹೆಚ್ಚಿನವು ಗಿಡಕ್ಕೆ ತೊಂದರೆ ಕೊಡದೆ ಜೀವಕೋಶಗಳ ನಡುವಿನ ಸಂದುಗಳಲ್ಲಿ ಬದುಕುತ್ತವೆ. ಹೊಸ ಕವಲುಬೇರು ಒಡೆದು ಬರುವ ಬಿರುಕೇ ಅವುಗಳ ಮುಖ್ಯ ಬಾಗಿಲು. ಕಬ್ಬನ್ನು ತುಂಡು ನೆಟ್ಟೇ ಬೆಳೆಸುವುದರಿಂದ ತಾಯಿಗಿಡದೊಳಗಿದ್ದವು ಮುಂದಿನ ಬೆಳೆಗೂ ದಾಟಿಕೊಳ್ಳುತ್ತವೆ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಪುಣೆಯ ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುತ್ತಿದ್ದಾಗ ವಿದ್ಯಾರ್ಥಿಗಳು ಇದನ್ನೇ ಕೇಳಲಿ ಎಂದು ಕಾಯುತ್ತಿದ್ದೆ. ಕಬ್ಬಿನ ತುಂಡನ್ನು ಮೊದಲು ಶೇ. 70ರ ಆಲ್ಕೊಹಾಲಿನಲ್ಲಿ, ಆಮೇಲೆ ಬಟ್ಟೆ ಬಿಳುಪು ಮಾಡುವ ಹೈಪೋಕ್ಲೋರೈಟ್ ದ್ರಾವಣದಲ್ಲಿ ಕೆಲವು ನಿಮಿಷ ಅದ್ದುತ್ತೇವೆ. ಹೊರಮೈಯ ಜೀವಿಗಳು ಸಾಯಬೇಕು, ಒಳಗಿನವು ಉಳಿಯಬೇಕು. ಆ ಹದ ಸಿಗುವುದು ಸುಲಭವಲ್ಲ. ನಂತರ ಯಾವ ಜೀವಿಯೂ ಉಳಿಯದಂತೆ ಶುದ್ಧ ಮಾಡಿದ ನೀರಿನಲ್ಲಿ ಮತ್ತೆ ಮತ್ತೆ ತೊಳೆದು, ಕೊನೆಯ ಸಲ ತೊಳೆದ ಆ ನೀರನ್ನೇ ಬ್ಯಾಕ್ಟೀರಿಯಾ ಬೆಳೆಸುವ ಒಂದು ಅಗರ್ ತಟ್ಟೆಯ ಮೇಲೆ ಸವರಿ ಇಡಬೇಕು. ಅದರಲ್ಲಿ ಏನೂ ಬೆಳೆಯದೆ, ತುಂಡನ್ನು ಅರೆದು ಸವರಿದ ತಟ್ಟೆಯಲ್ಲಿ ಮಾತ್ರ ಬೆಳೆದರೆ ಅದು ಒಳಗಿನದು. ತೊಳೆದ ನೀರಿನ ತಟ್ಟೆಯನ್ನು ತೋರಿಸದವರ ಫಲಿತಾಂಶವನ್ನು ನಾನು ನಂಬುವುದಿಲ್ಲ.

ನಿಮ್ಮ ಅಣ್ಣನ ಬಾಟಲಿಯಲ್ಲಿರುವ ಜೀವಿಯನ್ನು ಬ್ರೆಜಿಲ್‌ನಲ್ಲಿ ವಿಜ್ಞಾನಿಗಳಾದ ಕವಾಲ್ಕಾಂಟೆ ಮತ್ತು ಯೊಹಾನಾ ಡೋಬರೈನರ್ 1988ರಲ್ಲಿ ವರದಿ ಮಾಡಿದರು. ಈಗ ಅದಕ್ಕೆ ಗ್ಲುಕೊನಸಿಟೋಬ್ಯಾಕ್ಟರ್ ಡಯಾಜೋಟ್ರೋಫಿಕಸ್ ಎಂದು ಹೆಸರು. ಅದನ್ನು ಬೇರ್ಪಡಿಸಲು ಬಳಸುವ ಆಹಾರವೇ ಹೆಚ್ಚುಕಡಿಮೆ ಕಬ್ಬಿನ ಹಾಲು: ಶೇ. 10 ಸಕ್ಕರೆ, ಹುಳಿಯ ಪಿಎಚ್ 5.5ರ ಆಸುಪಾಸು, ಸಾರಜನಕ ಮಾತ್ರ ಸೊನ್ನೆ. ಗಾಳಿಯ ಸಾರಜನಕವನ್ನು ಹಿಡಿಯಬಲ್ಲವನು ಮಾತ್ರ ಅಲ್ಲಿ ಬದುಕುತ್ತಾನೆ, ಕೊಳವೆಯ ಮೇಲ್ಭಾಗದಲ್ಲಿ ಹಳದಿ ಕೆನೆ ಕಟ್ಟುತ್ತಾನೆ. ಎಷ್ಟು ಸಲ ಕಂಡರೂ ನನಗೆ ಆ ಕೆನೆ ಸಂತೋಷ ಕೊಟ್ಟಿದೆ.

ಆದರೆ ಒಳಗಿರುವವುಗಳಲ್ಲಿ ಬಹುಪಾಲು ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಅವನ್ನು ಡಿಎನ್‌ಎಯಿಂದ ಗುರುತಿಸಬೇಕು, ಅಲ್ಲಿ ಇನ್ನೊಂದು ತೊಡಕು. ಎಲೆಗೆ ಹಸಿರು ಕೊಡುವ ಕ್ಲೋರೊಪ್ಲಾಸ್ಟ್ ಬಹು ಹಿಂದೆ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು. ಹಾಗಾಗಿ ಬ್ಯಾಕ್ಟೀರಿಯಾದ ಜೀನ್ ಹುಡುಕಿದರೆ ಗಿಡದ್ದೇ ಕ್ಲೋರೊಪ್ಲಾಸ್ಟ್ ರಾಶಿ ರಾಶಿಯಾಗಿ ಸಿಗುತ್ತದೆ. ಅದನ್ನು ಬಿಟ್ಟು ಹುಡುಕಲು ಬೇರೆಯೇ ಪ್ರೈಮರ್ (ಬೇಕಾದ ಜೀನನ್ನು ಹುಡುಕಿ ಹಿಡಿಯುವ ಪುಟ್ಟ ಡಿಎನ್‌ಎ ತುಣುಕು) ಬೇಕು. ಕಣ್ಣಾರೆ ಕಾಣಬೇಕೆಂದರೆ ಅಂಬಲಿ ಮೀನಿನ (ಜೆಲ್ಲಿಫಿಶ್) ಹಸಿರು ಹೊಳಪಿನ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಗಿಡದೊಳಕ್ಕೆ ಬಿಟ್ಟು, ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಇನ್ನು ಯೂರಿಯಾದ ಮಾತು. ಅದು ಗಿಡಕ್ಕೆ ಕೊಡುವುದೂ ಸಾರಜನಕವನ್ನೇ. ಒಳಗಿದೆ ಎಂದ ಮಾತ್ರಕ್ಕೆ ಗೊಬ್ಬರ ಕೊಡುತ್ತಿದೆ ಎಂದಾಗುವುದಿಲ್ಲ. ಮಣ್ಣಿಗೆ ಸಾರಜನಕ-15, ಅಂದರೆ ಸಾಮಾನ್ಯ ಸಾರಜನಕಕ್ಕಿಂತ ತುಸು ಭಾರದ ರೂಪವನ್ನು, ಬೆರೆಸಿ, ಕಬ್ಬಿನಲ್ಲಿ ಅದು ಎಷ್ಟು ತೆಳುವಾಯಿತು ಎಂದು ಅಳೆದರೆ ಗಾಳಿಯಿಂದ ಬಂದ ಪಾಲು ತಿಳಿಯುತ್ತದೆ. ಹೀಗೆ ಅಳೆದಾಗ ಬ್ರೆಜಿಲ್‌ನ ಕೆಲವು ತಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯದೇ ಎಂದು ಕಂಡಿದೆ, ಬೇರೆ ತಳಿ, ಬೇರೆ ನೆಲದಲ್ಲಿ ಬಹಳ ಕಡಿಮೆ. ಆದ್ದರಿಂದ ಈ ವರ್ಷ ಇಡೀ ಹೊಲದ ಯೂರಿಯಾ ನಿಲ್ಲಿಸಬೇಡಿ ಎಂದು ಅಣ್ಣನಿಗೆ ಹೇಳಿ. ಒಂದೆರಡು ಸಾಲಿಗೆ ಬಾಟಲಿ ಬಳಸಿ ಯೂರಿಯಾ ಕಡಿಮೆ ಮಾಡಲಿ, ಪಕ್ಕದ ಸಾಲುಗಳನ್ನು ಎಂದಿನಂತೆ ಬಿಡಲಿ, ಕಟಾವಿನಲ್ಲಿ ಎರಡನ್ನೂ ಬೇರೆ ಬೇರೆ ತೂಗಲಿ. ಯೂರಿಯಾ ವಿಪರೀತ ಸುರಿದ ಕಬ್ಬಿನಲ್ಲಿ ಈ ಬ್ಯಾಕ್ಟೀರಿಯಾದ ಸಂಖ್ಯೆ ಕುಸಿಯುತ್ತದೆ ಎಂಬುದೂ ನೆನಪಿರಲಿ. ಬಾಟಲಿಯನ್ನು ಬಿಸಿಲಿನಲ್ಲಿ ಇಡಬಾರದು. ಶಿಲೀಂಧ್ರನಾಶಕದ ಜೊತೆ ಒಂದೇ ಬಕೆಟ್ಟಿನಲ್ಲಿ ಬೆರೆಸಲೇಬಾರದು.

ಪ್ರಶ್ನೆ: ಮುಂಬಯಿಯಲ್ಲಿ ರೈಲು ಹಳಿಯ ಪಕ್ಕ ಬೆಳೆದ ಪಾಲಕ್ ಕೊಳ್ಳುತ್ತೇವೆ. ಬ್ಯಾಕ್ಟೀರಿಯಾ ಎಲೆಯ ಒಳಗೂ ಇದ್ದರೆ ತೊಳೆದು ಏನು ಪ್ರಯೋಜನ?
– ಓದುಗರು, ಘಾಟ್‌ಕೋಪರ್

ಉತ್ತರ: ಪ್ರಯೋಜನವಿದೆ, ಮಣ್ಣು ಮತ್ತು ಮೇಲಿನ ಜೀವಿಗಳ ದೊಡ್ಡ ಪಾಲು ಹೋಗುತ್ತದೆ. ಗಿಡದ್ದೇ ಆದ ಬ್ಯಾಕ್ಟೀರಿಯಾಗಳನ್ನು ನಾವು ದಿನವೂ ತಿನ್ನುತ್ತೇವೆ, ಅವಕ್ಕೆ ಹೆದರಬೇಕಿಲ್ಲ. ಹೆದರಬೇಕಾದದ್ದು ಕೊಳಚೆ ನೀರಿಗೆ. ಅದರಲ್ಲಿನ ಸಾಲ್ಮೊನೆಲ್ಲಾ, ಕೆಲವು ಬಗೆಯ ಇ. ಕೋಲೈ ಎಲೆಯ ರಂಧ್ರ ಮತ್ತು ಕತ್ತರಿಸಿದ ಅಂಚಿನ ಮೂಲಕ ಒಳಸೇರಬಲ್ಲವು, ಆಗ ಉಪ್ಪುನೀರು, ವಿನೆಗರ್ ಯಾವುದೂ ತಲುಪುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಯುತ್ತವೆ. ಎಲ್ಲಿ ಬೆಳೆದದ್ದೆಂದು ತಿಳಿಯದ ಸೊಪ್ಪನ್ನು ಹಸಿಯಾಗಿ ಕೋಸಂಬರಿಗೆ, ಚಟ್ನಿಗೆ ಹಾಕಬೇಡಿ. ಸಾರಿಗೋ ಪಲ್ಯಕ್ಕೋ ಬಳಸಿ.