ಓದುಗರ ಪ್ರಶ್ನೆಗಳಿಗೆ ಉತ್ತರ: ಬೆಳಗಾವಿಯ ಓಟಗಾರ ಮತ್ತು ಸರ್ ದೊರಾಬ್ಜಿ ಟಾಟಾ

ಪ್ರಶ್ನೆ: 1920ರ ಒಲಿಂಪಿಕ್ಸ್‌ಗೆ ನಮ್ಮ ಬೆಳಗಾವಿಯ ಓಟಗಾರರೊಬ್ಬರು ಟಾಟಾ ಅವರ ನೆರವಿನಿಂದ ಹೋಗಿದ್ದರೆಂದು ಹಿರಿಯರು ಹೇಳುತ್ತಾರೆ. ಇದು ನಿಜವೇ? ನೆರವು ನೀಡಿದವರು ರತನ್ ಟಾಟಾ ಅವರೇ?
– ಓದುಗರು, ಶಹಾಪುರ, ಬೆಳಗಾವಿ

ಉತ್ತರ: ಹಿರಿಯರು ಹೇಳಿದ್ದು ನಿಜ. ಆ ಓಟಗಾರರ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ಆದರೆ ನೆರವಾದವರು ರತನ್ ಟಾಟಾ ಅಲ್ಲ, ಜಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ ಸರ್ ದೊರಾಬ್ಜಿ ಟಾಟಾ (1859–1932). ನಮಗೆಲ್ಲ ಪರಿಚಿತರಾಗಿದ್ದು 2024ರಲ್ಲಿ ನಿಧನರಾದ ರತನ್ ಟಾಟಾ ಹುಟ್ಟಿದ್ದೇ 1937ರಲ್ಲಿ. ದೊರಾಬ್ಜಿಯವರ ತಮ್ಮನ ಹೆಸರೂ ರತನ್ ಎಂದೇ ಇದ್ದುದರಿಂದ ಹಲವರು ಗೊಂದಲಕ್ಕೆ ಬೀಳುತ್ತಾರೆ. ಆದರೆ ಗಾಂಧೀಜಿಯವರ ದಕ್ಷಿಣ ಆಫ್ರಿಕಾ ಹೋರಾಟಕ್ಕೆ ಧನಸಹಾಯ ಮಾಡಿದ ಆ ಸರ್ ರತನ್, 1918ರಲ್ಲಿಯೇ ತೀರಿಕೊಂಡಿದ್ದರು.

ದೊರಾಬ್ಜಿಯವರು ಆಗ ಪುಣೆಯ ಡೆಕ್ಕನ್ ಜಿಮ್ಖಾನಾದ ಅಧ್ಯಕ್ಷರಾಗಿದ್ದರು. ಅಲ್ಲಿನ ಕ್ರೀಡಾಕೂಟದಲ್ಲಿ ಹಳ್ಳಿಯ ರೈತಾಪಿ ಯುವಕರು, ಯಾವ ತರಬೇತಿಯೂ ಇಲ್ಲದೆ, ಬರಿಗಾಲಿನಲ್ಲಿ ದೂರದ ಓಟಗಳನ್ನು ಓಡಿ ಮುಗಿಸುತ್ತಿದ್ದುದನ್ನು ಅವರು ಕಂಡರು. ಯುರೋಪಿನ ಓಟಗಾರರ ವೇಗಕ್ಕೆ ಹೋಲಿಸಬಹುದಾದಂತಿದ್ದ ಆ ಓಟವನ್ನು ನೋಡಿಯೇ ಬೆಲ್ಜಿಯಂನ ಆಂಟ್ವರ್ಪ್‌ಗೆ ಒಂದು ತಂಡವನ್ನು ಕಳಿಸುವ ಆಲೋಚನೆ ಅವರಲ್ಲಿ ಬೇರೂರಿತು. ಅಂದು ಬೆಳಗಾವಿಯೂ ಪುಣೆಯೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದುದರಿಂದ ನಮ್ಮ ಭಾಗದ ಓಟಗಾರರು ಮತ್ತು ಪೈಲ್ವಾನರಿಗೆ ಪುಣೆಯ ಮೈದಾನವೇನೂ ಪರಸ್ಥಳವಾಗಿರಲಿಲ್ಲ. ಸರಕಾರದಿಂದಲೂ ಕ್ರೀಡಾಪ್ರೇಮಿಗಳಿಂದಲೂ ಸ್ವಲ್ಪ ಹಣ ಬಂದಿತಾದರೂ ದೊರಾಬ್ಜಿಯವರು ತಮ್ಮ ಸ್ವಂತ ಹಣ ಹಾಕದೆ ಇದ್ದಿದ್ದರೆ ಆ ತಂಡ ಹಡಗು ಹತ್ತುತ್ತಿರಲಿಲ್ಲ. ಚೌಗುಲೆಯವರು ಆಂಟ್ವರ್ಪ್‌ನ 42.75 ಕಿಲೋಮೀಟರ್ ಮ್ಯಾರಥಾನನ್ನು 2 ಗಂಟೆ 50 ನಿಮಿಷಗಳಲ್ಲಿ ಓಡಿ 19ನೆಯವರಾಗಿ ಮುಗಿಸಿದರು. ಗೆದ್ದವರಾದ ಫಿನ್ಲೆಂಡಿನ ಕೊಲೆಹ್ಮೈನೆನ್ ತೆಗೆದುಕೊಂಡದ್ದು 2 ಗಂಟೆ 32 ನಿಮಿಷ. ಪದಕ ಬಾರದ ಕಾರಣಕ್ಕೇ ನಮ್ಮ ಜಿಲ್ಲೆಯಲ್ಲಿ ಚೌಗುಲೆಯವರ ಹೆಸರು ಇಷ್ಟು ಮಸುಕಾಗಿರುವುದಾದರೆ ಅದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಮುಂದೆ 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ರೂಪುಗೊಂಡಾಗ ದೊರಾಬ್ಜಿಯವರೇ ಅದರ ಮೊದಲ ಅಧ್ಯಕ್ಷರಾದರು.

ಪ್ರಶ್ನೆ: ತಂದೆ ಗಳಿಸಿಟ್ಟದ್ದನ್ನು ಮಗ ದಾನ ಮಾಡಿದರೆ ಅದರಲ್ಲಿ ದೊಡ್ಡತನವೇನು? ಮುಳಶಿ ಅಣೆಕಟ್ಟಿಗಾಗಿ ಬಡ ರೈತರ ಹೊಲಗಳನ್ನು ಮುಳುಗಿಸಿದವರೂ ಇವರೇ ಅಲ್ಲವೇ?
– ಮುಳುಗಡೆ ಸಂತ್ರಸ್ತರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ಎರಡು ಪ್ರಶ್ನೆಗಳನ್ನೂ ಬಿಡಿಯಾಗಿಯೇ ನೋಡಬೇಕು. 1904ರಲ್ಲಿ ಜಮ್‌ಶೆಟ್‌ಜಿಯವರು ಜರ್ಮನಿಯಲ್ಲಿ ಕಣ್ಣು ಮುಚ್ಚಿದಾಗ ಉಕ್ಕಿನ ಕಾರಖಾನೆ, ಜಲವಿದ್ಯುತ್ತು, ವಿಜ್ಞಾನ ಸಂಸ್ಥೆ ಈ ಮೂರೂ ಕಾಗದದ ಮೇಲಷ್ಟೇ ಇದ್ದವು. ವಿಜ್ಞಾನ ಸಂಸ್ಥೆಗೆಂದು ತಂದೆ ಮೀಸಲಿಟ್ಟಿದ್ದ ಮುಂಬಯಿಯ ಕಟ್ಟಡ ಮತ್ತು ಜಮೀನುಗಳನ್ನು ಅಣ್ಣತಮ್ಮಂದಿರು ತಮ್ಮ ಬಳಿಯೇ ಉಳಿಸಿಕೊಳ್ಳಲು ನೋಡಲಿಲ್ಲ; ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು, 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಉಕ್ಕಿನ ಕಂಪನಿ 1907ರಲ್ಲಿ ಸ್ಥಾಪನೆಯಾಯಿತು. ಅದಕ್ಕೂ ಮುಂಚೆ ಕಬ್ಬಿಣದ ಅದಿರನ್ನು ಹುಡುಕುತ್ತಾ ದೊರಾಬ್ಜಿಯವರೇ ಮಧ್ಯಭಾರತದ ಕಾಡುಗಳಲ್ಲಿ ಎತ್ತಿನ ಬಂಡಿಯಲ್ಲಿ ಅಲೆದಿದ್ದರು.

ಅವರ ನಿಜವಾದ ಪರೀಕ್ಷೆ ಬಂದದ್ದು 1924ರಲ್ಲಿ. ಯುದ್ಧಾನಂತರ ವಿದೇಶಿ ಉಕ್ಕು ಅಗ್ಗದ ದರದಲ್ಲಿ ಬಂದು ಬಿದ್ದಿತ್ತು. ದೊಡ್ಡ ಗಿರಾಕಿಯಾಗಿದ್ದ ಜಪಾನು 1923ರ ಭೂಕಂಪದಿಂದ ತತ್ತರಿಸಿತ್ತು. ಇತ್ತ ಕಾರಖಾನೆಯ ವಿಸ್ತರಣೆಗೆ ಹಣ ಸುರಿದಾಗಿತ್ತು. ಕಾರ್ಮಿಕರ ಪಗಾರಕ್ಕೂ ದುಡ್ಡಿಲ್ಲವೆಂದು ಜಮ್‌ಶೆಡ್‌ಪುರದಿಂದ ತಂತಿ ಬಂದಾಗ ದೊರಾಬ್ಜಿಯವರು ತಮ್ಮ ಸ್ವಂತ ಆಸ್ತಿಯನ್ನೆಲ್ಲ ಇಂಪೀರಿಯಲ್ ಬ್ಯಾಂಕಿನಲ್ಲಿ ಅಡವಿಟ್ಟು ಸುಮಾರು 1 ಕೋಟಿ ರೂಪಾಯಿ ಸಾಲ ತಂದರು. ಪತ್ನಿ ಮೆಹರ್‌ಬಾಯಿ ಧರಿಸುತ್ತಿದ್ದ 245 ಕ್ಯಾರೆಟ್‌ನ ಜುಬಿಲಿ ವಜ್ರವೂ ಆ ಅಡವಿನಲ್ಲಿ ಸೇರಿತ್ತು. ಅದು ಕೊಹಿನೂರಿನ ಎರಡು ಪಟ್ಟಿಗೂ ಹೆಚ್ಚು ತೂಕದ ಹರಳು. ಮನೆಯೊಡತಿಯ ಒಡವೆಯನ್ನು ಒತ್ತೆಯಿಟ್ಟು ಆಳುಗಳ ಕೂಲಿ ಕೊಡುವುದು ನಮ್ಮ ಒಕ್ಕಲುತನದ ಮನೆಗಳಿಗೆ ಹೊಸದಲ್ಲ. ಆದರೆ ಸೀಮಿತ ಹೊಣೆಯ ಕಂಪನಿಯೊಂದರ ಅಧ್ಯಕ್ಷರಿಗೆ ಕಾನೂನಿನ ಪ್ರಕಾರ ಅಂಥ ಹೊಣೆ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಹಾಗಾಗಿ ‘ತಂದೆಯ ದುಡ್ಡು’ ಎಂಬ ಮಾತು ಅವರ ವಿಷಯದಲ್ಲಿ ಅರ್ಧ ಮಾತ್ರ ಸರಿ.

ಮುಳಶಿಯ ವಿಷಯದಲ್ಲಿ ತಮ್ಮ ಮಾತು ಪೂರ್ಣ ಸರಿ. ಪುಣೆಯ ಸಮೀಪ ಟಾಟಾ ವಿದ್ಯುತ್ ಯೋಜನೆಗಾಗಿ ಕಟ್ಟಿದ ಆ ಅಣೆಕಟ್ಟಿನಿಂದ ಮಾವಳ ಸೀಮೆಯ ರೈತರ ಭತ್ತದ ಗದ್ದೆಗಳು ಮುಳುಗಿದವು. 1921ರಲ್ಲಿ ಆರಂಭವಾಗಿ ಸೇನಾಪತಿ ಬಾಪಟ್ ಅವರ ಮುಂದಾಳುತನದಲ್ಲಿ ನಡೆದ ಸತ್ಯಾಗ್ರಹ ಸೋತಿತು, ಅಣೆಕಟ್ಟು ಎದ್ದು ನಿಂತಿತು. ಖಾಸಗಿ ಕಂಪನಿಯ ಸಲುವಾಗಿ ಸರಕಾರವೇ ಭೂಸ್ವಾಧೀನ ಕಾಯ್ದೆಯನ್ನು ಪ್ರಯೋಗಿಸಿದ್ದು ಅಂದಿನ ಮುಖ್ಯ ಆಕ್ಷೇಪವಾಗಿತ್ತು. ಆಗ ಟಾಟಾ ಮನೆತನದ ಉದ್ಯಮಗಳಿಗೆ ಯಜಮಾನರಾಗಿದ್ದವರು ದೊರಾಬ್ಜಿಯವರೇ. ಪರಿಹಾರದ ಚೆಕ್ಕು ಹೊಲಕ್ಕೆ ಸಮವಲ್ಲ ಎಂಬುದನ್ನು ಆಲಮಟ್ಟಿಯ ಹಿನ್ನೀರಿಗೆ ಮನೆಮಠ ಬಿಟ್ಟು ಬಂದ ತಮಗೆ ನಾನು ವಿವರಿಸಬೇಕಾಗಿಲ್ಲ. ಆಮೇಲಿನ ದಾನದಿಂದ ಈ ಲೆಕ್ಕ ವಜಾ ಆಗುತ್ತದೆಂದು ನಾನು ನಂಬುವುದಿಲ್ಲ. ದಾನವನ್ನು ಹೊಗಳುವ ಬರಹಗಳಲ್ಲಿ ಮುಳಶಿಯ ಹೆಸರೇ ಬಾರದಿರುವುದು ನನಗೂ ಸರಿಕಾಣದು.

ಪ್ರಶ್ನೆ: ನಮ್ಮ ಊರಿನಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಮುಂಬಯಿಯ ಟಾಟಾ ಆಸ್ಪತ್ರೆಗೆ ಹೋಗುವವರು ಬಹಳ. ಅದು ಇಂದಿಗೂ ಟಾಟಾ ಅವರ ದಾನದಿಂದಲೇ ನಡೆಯುತ್ತಿದೆಯೇ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಕಟ್ಟಿದ್ದು ದಾನದಿಂದ, ಈಗ ನಡೆಸುತ್ತಿರುವುದು ಕೇಂದ್ರ ಸರಕಾರ. ಮೆಹರ್‌ಬಾಯಿಯವರು 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. (ಮೈಸೂರು ಸಂಸ್ಥಾನದಲ್ಲಿ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಎಚ್. ಜೆ. ಭಾಭಾ ಅವರ ಮಗಳು ಇವರು. ವಿಜ್ಞಾನಿ ಹೋಮಿ ಭಾಭಾ ಅವರಿಗೆ ಸೋದರತ್ತೆಯಾಗಬೇಕು.) ಮಕ್ಕಳಿಲ್ಲದ ದೊರಾಬ್ಜಿಯವರು ಮರುವರ್ಷವೇ ಪತ್ನಿಯ ಹೆಸರಿನಲ್ಲಿ ರಕ್ತದ ಕ್ಯಾನ್ಸರಿನ ಸಂಶೋಧನೆಗಾಗಿ ಒಂದು ದತ್ತಿ ಸ್ಥಾಪಿಸಿ, ಆ ವಜ್ರವೂ ಸೇರಿದಂತೆ ಉಳಿದ ಆಸ್ತಿಯನ್ನೆಲ್ಲ ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ಬರೆದುಕೊಟ್ಟರು. 1932ರ ಜೂನ್ 3ರಂದು ಜರ್ಮನಿಯಲ್ಲಿ ತೀರಿಕೊಂಡ ಅವರನ್ನು ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ ಪತ್ನಿಯ ಸಮಾಧಿಯ ಪಕ್ಕದಲ್ಲಿಯೇ ಮಣ್ಣುಮಾಡಿದರು.

ಜಾತಿ, ಮತ, ಪ್ರದೇಶಗಳ ಭೇದವಿಲ್ಲದೆ ಹಣ ಬಳಕೆಯಾಗಬೇಕೆಂದು ಬರೆದಿಟ್ಟದ್ದು ಆ ದತ್ತಿಪತ್ರದ ದೊಡ್ಡ ಗುಣ. ಮುಂಬಯಿಯ ಸಮಾಜಕಾರ್ಯ ಶಾಲೆ 1936ರಲ್ಲಿ, ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ, ಹೋಮಿ ಭಾಭಾ ಅವರ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಅದರಿಂದಲೇ ಹುಟ್ಟಿದವು. ಟ್ರಸ್ಟಿನ ಕೈಯಲ್ಲಿ ಕಂಪನಿಯ ಷೇರುಗಳೇ ಇರುವುದರಿಂದ ಮೂಲಧನ ಕರಗುವುದಿಲ್ಲ. ಇಂದು ಟಾಟಾ ಉದ್ಯಮಗಳ ಮಾತೃಸಂಸ್ಥೆಯಾದ ಟಾಟಾ ಸನ್ಸ್‌ನ ಸುಮಾರು ಶೇ. 66ರಷ್ಟು ಒಡೆತನ ಟಾಟಾ ಟ್ರಸ್ಟುಗಳದ್ದೇ ಆಗಿದೆ. ಆಸ್ಪತ್ರೆ ಮಾತ್ರ 1957ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಕೈಸೇರಿ, 1962ರಿಂದ ಪರಮಾಣು ಶಕ್ತಿ ಇಲಾಖೆಯ ಆಡಳಿತದಲ್ಲಿದೆ. ಆದ್ದರಿಂದ ಅಲ್ಲಿಗೆ ಹೋಗುವ ರೋಗಿಗಳು ಅದನ್ನು ಟಾಟಾ ಕಂಪನಿಯ ಆಸ್ಪತ್ರೆಯೆಂದು ತಿಳಿಯದೆ, ಸರಕಾರಿ ನೆರವಿನ ಆಸ್ಪತ್ರೆಗೆ ಒಯ್ಯುವಂತೆಯೇ ಪಡಿತರ ಚೀಟಿ, ಆಧಾರ್ ಮತ್ತು ಹಿಂದಿನ ತಪಾಸಣೆಯ ಕಾಗದಪತ್ರಗಳನ್ನು ಜೊತೆಗೆ ಒಯ್ಯುವುದು ಒಳ್ಳೆಯದು.